ಜಾಹ್ನವಿಯ ಪಿಟೀಲಿನ ತಂತಿ ಕತ್ತರಿಸಿದವರು

ಜಾಹ್ನವಿಯ ಪಿಟೀಲಿನ ನಾಲ್ಕೂ ತಂತಿಗಳನ್ನು ಯಾರೋ ಕತ್ತರಿಸಿದ್ದರು. ಸಂಜೆ ವಿಶಾಖಪಟ್ಟಣದ ಋಷಿಕೊಂಡದಲ್ಲಿ ದೊಡ್ಡ ವಾದ್ಯವೃಂದದ ಕಾರ್ಯಕ್ರಮ. ಎಲ್ಲರ ಮುಂದೆ ನಿಂತು ಒಬ್ಬಳೇ ನುಡಿಸಬೇಕಾದವಳು ಇವಳು. ಬೆಳಿಗ್ಗೆ ಸಭಾಂಗಣದ ಕೋಣೆಯಲ್ಲಿ ಪೆಟ್ಟಿಗೆ ತೆರೆದಾಗಲೇ ಅವಳಿಗೆ ತಿಳಿದದ್ದು.

ಅವಳೂ ತಂದೆ ವಿನಾಯಕರೂ ವಿಜಯವಾಡದ ಬೆಂಜ್ ಸರ್ಕಲ್ ಕಡೆಯವರು. ವಿಶಾಖಪಟ್ಟಣದ ಪೆಂಡುರ್ತಿಯಲ್ಲಿ ಲಿಂಗರಾಜುವಿನ ಮನೆಯಲ್ಲಿ ಇಳಿದುಕೊಂಡಿದ್ದರು. ಇಬ್ಬರೂ ಗಂಡಸರು ಒಂದೇ ಬ್ಯಾಂಕಿನ ಅಧಿಕಾರಿಗಳು. ಹಿಂದಿನ ದಿನ ಊಟಕ್ಕೆ ಕೂತಾಗ ವಿನಾಯಕರು ಎದೆಯುಬ್ಬಿಸಿ ಹೇಳಿದ್ದರು. "ಇವಳಿಗೆ ಮೊದಲಿಂದ ತಂತಿ ಹಾಕಿಕೊಡೋದು ನಾನೇ. ಇನ್ನೊಂದು ಸೆಟ್ ಇಲ್ಲದೆ ಮನೆ ಬಿಟ್ಟಿದ್ದೇ ಇಲ್ಲ. ನಾಳೆ ನಮ್ಮ ಆಫೀಸಿನವರೆಲ್ಲ ಬರ್ತಿದಾರೆ."

ಜಾಹ್ನವಿ ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಅಂದಿನ ಅಭ್ಯಾಸದಲ್ಲಿ ಅವಳು ಪದೇ ಪದೇ ಎಡವಿದ್ದಳು, ಹಿಂದೆ ಕೂತಿದ್ದ ವಿನಾಯಕರ ಪಕ್ಕದಲ್ಲೇ ಯಾರೋ ಕಿಸಕ್ಕನೆ ನಕ್ಕಿದ್ದರು.

ಲಿಂಗರಾಜುವಿನ ಹೆಂಡತಿ ಗಿರಿಜಾ. ವಿಶಾಖಪಟ್ಟಣದ ಕನ್ನಡದ ಮನೆಗಳಲ್ಲಿ ಏನು ಕಳೆದರೂ ಮೊದಲ ಫೋನು ಅವಳಿಗೆ. ಲಿಂಗರಾಜು ಅವಳ ಜೊತೆಗಾರ, ಕಾರು ಓಡಿಸುವವನು, ಅವಳಿಗಿಂತ ಮುಂಚೆ ತೀರ್ಪು ಕೊಡುವವನು.

ಆ ದಿನವೂ ಗಿರಿಜಾಳೊಡನೆ ಸಭಾಂಗಣಕ್ಕೆ ಬಂದವನೇ ತೀರ್ಪು ಕೊಟ್ಟ. ಜಾಹ್ನವಿ ನುಡಿಸದಿದ್ದರೆ ಅವಕಾಶ ಅನಿರುದ್ಧ್‌ಗೆ. ಅವನು ಅದೇ ವೃಂದದಲ್ಲಿ ಪಿಟೀಲು ನುಡಿಸುವ, ಐಟಿ ಕೆಲಸದ ಹುಬ್ಬಳ್ಳಿ ಹುಡುಗ. ಸುದ್ದಿ ಕೇಳಿದೊಡನೆ ತನ್ನ ಪಿಟೀಲು ಹಿಡಿದು ಬಂದಿದ್ದ. "ನಂದು ತಗೋರಿ. ಇದರಾಗ ನುಡಸ್ರಿ."

"ನಾಟಕ ಸಾಕು, ಕತ್ತರಿ ಎಲ್ಲಿ? ಚೀಲ ಬಿಚ್ಚು," ಎಂದ ಲಿಂಗರಾಜು.

ಚೀಲದಲ್ಲಿದ್ದದ್ದು ಊಟದ ಡಬ್ಬಿ, ಸಂಜೆಯ ಅಂಗಿ. ಇಡೀ ವೃಂದದ ಕಣ್ಣೆದುರು ಅನಿರುದ್ಧ್ ಅಂಗಿಯನ್ನು ಮತ್ತೆ ಮಡಿಸಿಟ್ಟ.

"ಇನ್ನೇನು ಮಾಡೋದು, ವಿಜಯವಾಡಕ್ಕೆ ಹೊರಡೋಣ," ಎಂದರು ವಿನಾಯಕರು.

ಗಿರಿಜಾ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ತಂತಿಗಳನ್ನು ಹೊರುವ ಮರದ ಕುದುರೆ ಒಂದು ಕರವಸ್ತ್ರದಲ್ಲಿ ಸುತ್ತಿ ಭದ್ರವಾಗಿತ್ತು. ಅವಳು ಎಲ್ಲರನ್ನೂ ಕೂರಿಸಿದಳು.

"ಬಿಗಿದ ತಂತಿ ಕತ್ತರಿಸಿದರೆ ಕುದುರೆ ಸಿಡಿದು ಬೀಳುತ್ತೆ, ಮರಕ್ಕೆ ಗಾಯ ಆಗುತ್ತೆ. ಇಲ್ಲಿ ಮೊದಲು ಬಿರಡೆ ಸಡಿಲಿಸಿ, ಕುದುರೆ ತೆಗೆದು ಸುತ್ತಿಟ್ಟು, ಆಮೇಲೆ ಕತ್ತರಿಸಿದಾರೆ. ಇವಳು ನುಡಿಸಬಾರದು, ಪಿಟೀಲಿಗೆ ಮಾತ್ರ ಏನೂ ಆಗಬಾರದು. ಅನಿರುದ್ಧ್‌ಗೆ ಇವಳ ಅವಕಾಶ ತಪ್ಪಿಸೋದಿದ್ದರೆ ತನ್ನದನ್ನೇ ಕೊಡೋಕೆ ಯಾಕೆ ಬರ್ತಿದ್ದ?"

ಆಮೇಲೆ ವಿನಾಯಕರ ಕಡೆ ತಿರುಗಿದಳು. "ಅಣ್ಣಾವ್ರೇ, ಇನ್ನೊಂದು ಸೆಟ್ ಇಲ್ಲದೆ ನೀವು ಮನೆ ಬಿಡಲ್ಲ. ಇವತ್ತು ಯಾಕೆ ಅದರ ಮಾತೇ ಎತ್ತಲಿಲ್ಲ?"

ವಿನಾಯಕರು ಪ್ಯಾಂಟಿನ ಜೇಬಿನಿಂದ ತಂತಿಗಳ ಪೊಟ್ಟಣ ತೆಗೆದರು. "ನಿನ್ನೆ ನಕ್ಕರಲ್ಲ... ಇವತ್ತು ಆಫೀಸಿನವರೂ ನಗ್ತಾರೆ ಅನ್ನಿಸ್ತು. ತಂತಿ ಹೋಯ್ತು ಅಂದ್ರೆ ಯಾರ ಮರ್ಯಾದೆಯೂ ಹೋಗಲ್ಲ ಅಂದ್ಕೊಂಡೆ."

ವಿಜಯವಾಡದಲ್ಲೇ ಬೆಳೆದ ಜಾಹ್ನವಿ ತಂದೆಯನ್ನು ತೆಲುಗಿನವರ ಹಾಗೆ ನಾನ್ನಾ ಎನ್ನುತ್ತಿದ್ದಳು. "ತಪ್ಪಿದ್ರೆ ನನಗೆ ನಾಚಿಕೆ ಆಗ್ತಿತ್ತು ನಾನ್ನಾ, ಅಷ್ಟೇ. ನಿಮಗೆ ನನ್ನ ಬಗ್ಗೇನೇ ನಾಚಿಕೆ ಅಂತ ಗೊತ್ತಿರಲಿಲ್ಲ."

ಅವಳು ಪೊಟ್ಟಣ ತೆಗೆದುಕೊಂಡು ಅನಿರುದ್ಧ್‌ನ ಕೈಗೆ ಕೊಟ್ಟಳು. ಅವನು ಕೂತು ತಂತಿ ಹಾಕತೊಡಗಿದ. ಲಿಂಗರಾಜುವಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಬೈದದ್ದು ಎಲ್ಲರೆದುರು, ಈಗ ಮೂಲೆಗೆ ಕರೆದು ಪಿಸುಗುಟ್ಟಿದರೆ ಅದು ಇನ್ನೂ ಹೇಡಿತನ. ಎಲ್ಲರಿಗೂ ಕೇಳುವ ಹಾಗೆ, "ತಪ್ಪು ನನ್ನದು ಅನಿರುದ್ಧ್, ಕ್ಷಮಿಸು," ಎಂದ.

"ಆತು ಬಿಡ್ರಿ," ಎಂದ ಹುಡುಗ, ತಲೆ ಎತ್ತದೆ.

ಬಾಗಿಲ ಬಳಿ ನಿಂತಿದ್ದ ವಿನಾಯಕರು ಸಣ್ಣ ದನಿಯಲ್ಲಿ ಕೇಳಿದರು. "ನಾನು ಹೊರಗೆ ಇರಲಾ, ಅಮ್ಮಾ?"

"ಇಲ್ಲ," ಎಂದಳು ಜಾಹ್ನವಿ. "ಮೊದಲನೇ ಸಾಲಲ್ಲಿ, ನಿಮ್ಮ ಆಫೀಸಿನವರ ಪಕ್ಕದಲ್ಲೇ ಕೂತ್ಕೊಳ್ಳಿ. ನಾನು ತಪ್ಪಿದಾಗಲೂ ತಲೆ ತಗ್ಗಿಸಬಾರದು."