ಒಳಚಿಲಕ ಬೇಡವೆಂದವನು

"ಒಳಗಡೆ ಚಿಲಕ ಬೇಡ. ಕಿತ್ತುಬಿಡಿ."

ಕೊನೆಯ ಸ್ಕ್ರೂ ಬಿಗಿಯುತ್ತಿದ್ದ ಬಡಗಿ ಹುಡುಗಿ ತಿರುಗಿ ನೋಡಿದಳು. ಅವಳ ಕೋಪವೋ, ಸದಾ ಮೂಗಿನ ತುದಿಯಲ್ಲೇ ಇರುತ್ತದೆ.

"ಹಾಕಿದ್ಮೇಲೆ ಹೇಳ್ತೀರಲ್ಲ, ನನಗೇನು ಬೇರೆ ಕೆಲಸ ಇಲ್ವಾ?"

ಆ ಮನೆಗೆ ಹೊಸದಾಗಿ ಬಂದವನ ದಣಿದ ಕಣ್ಣುಗಳನ್ನು ನೋಡಿ ಯಾಕೋ ಅವಳ ಕೋಪ ಇಳಿಯಿತು, ಸ್ಕ್ರೂ ಬಿಚ್ಚಿದಳು...

ಸೇತುವೆಯ ಕೆಳಗೆ ಮಲಗುತ್ತಿದ್ದವನು, ಮಾದಕ ಸೂಜಿಯ ಚಟಕ್ಕೆ ಬಿದ್ದವನು. ಅಂಥವರಿಗೆ ಮನೆ ಕೊಡಿಸುವ ಸಂಸ್ಥೆಯ ಅಕ್ಕ ಕೆಳಮನೆಯಲ್ಲೇ ಇದ್ದಳು. ಮೊದಲು ಸೂರು, ಚಟದ ಮಾತು ಆಮೇಲೆ ಎನ್ನುವವಳು. ಆ ಮನೆಗಳ ಮರಗೆಲಸ ಈ ಹುಡುಗಿಯದು.

ಆಮೇಲೆ ಕಿಟಕಿ ಸರಿಯಿಲ್ಲ, ಕಪಾಟು ಅಲ್ಲಾಡುತ್ತೆ ಅಂತ ನೆಪ ಹೂಡಿ ಬಂದಳು. ಮನಸ್ಸು ಜಾರಿದ್ದು ಅವಳಿಗೇ ತಿಳಿಯಲಿಲ್ಲ. ಆದರೆ ಯಾವಾಗ ಬಂದರೂ ಬಾಗಿಲು ಬರೀ ಮುಂದೆ ಮಾಡಿರುತ್ತಿತ್ತು.

'ಯಾವಳೋ ಬಂದುಹೋಗ್ತಾಳೆ. ಅದಕ್ಕೇ ಚಿಲಕ ಬೇಡ ಇವನಿಗೆ!'

ಬರುವುದನ್ನೇ ಬಿಟ್ಟಳು. ತಡೆಯಲಾಗದೆ ಒಂದು ಮಧ್ಯಾಹ್ನ, ಮುಖದ ಮೇಲೆ ಹೊಡೆದಂತೆ ಕೇಳಿಯೇ ಬಿಡುತ್ತೇನೆಂದು ಬಾಗಿಲು ತಳ್ಳಿದಳು.

ಅವನು ನೆಲದ ಮೇಲೆ ಬಿದ್ದಿದ್ದ. ತುಟಿ ನೀಲಿಯಾಗಿತ್ತು, ಪಕ್ಕದಲ್ಲಿ ಸೂಜಿ.

ಅವಳ ಕೂಗಿಗೆ ಅಕ್ಕ ಓಡಿಬಂದು ಮೂಗಿಗೆ ನಶೆ ಇಳಿಸುವ ಔಷಧ ಸಿಂಪಡಿಸಿದಳು, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟಳು. ಬಹಳ ಹೊತ್ತಿನ ಮೇಲೆ ಅವನ ಎದೆ ಏರಿತು.

"ಇವನ ಗೆಳೆಯನಿಗೂ ಮನೆ ಕೊಡಿಸಿದ್ದೆ ಕಣೆ," ಎಂದಳು ಅಕ್ಕ. "ಚಿಲಕ ಹಾಕ್ಕೊಂಡು ಚುಚ್ಕೊಂಡ. ನಾವು ಬಾಗಿಲು ಒಡೆಯೋ ಹೊತ್ತಿಗೆ ಹೋಗಿಬಿಟ್ಟಿದ್ದ. ಬೀದಿಲಾದ್ರೆ ಪಕ್ಕದಲ್ಲಿ ಯಾರಾದ್ರೂ ಇರ್ತಿದ್ರು."

ಹುಡುಗಿ ಬಾಗಿಲಲ್ಲಿ ಚಿಲಕ ಕಿತ್ತ ತೂತುಗಳನ್ನು ನೋಡಿದಳು. ಅಯ್ಯೋ, ನಾನೇನು ಅಂದುಕೊಂಡುಬಿಟ್ಟೆ...

ಆಸ್ಪತ್ರೆಯಿಂದ ಮರಳಿದವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಅವಳು ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದಳು.

"ಚಟ ಬಿಡ್ತೀನಿ ಅಂತ ಮಾತು ಕೊಡಲ್ಲ," ಎಂದ. "ಎಷ್ಟೋ ಸಲ ಕೊಟ್ಟು ಮುರಿದಿದ್ದೀನಿ."

"ನಾನು ಕೇಳಿಲ್ಲ."

"ಇನ್ನೊಂದ್ಸಲ ಬಿದ್ರೆ ಏಳ್ತೀನೋ ಇಲ್ವೋ."

"ಗೊತ್ತು."

"ನನ್ನ ಕಟ್ಕೊಂಡು ಅಳೋದೊಂದೇ ನಿನಗೆ. ಮತ್ಯಾಕೆ ಬಂದೆ?"

ಇವನು ಉಳಿಯುತ್ತಾನೆ ಎಂಬ ನಂಬಿಕೆ ಅವಳಲ್ಲಿರಲಿಲ್ಲ. ಇದ್ದದ್ದು ಪ್ರೀತಿ ಮಾತ್ರ.

"ನೀನು ಹೋದ ಸುದ್ದಿನ ಬೇರೆಯವರ ಬಾಯಲ್ಲಿ ಕೇಳೋಕೆ ನನ್ನಿಂದ ಆಗಲ್ಲ ಕಣೋ."

ಅವನು ಇತ್ತ ತಿರುಗಿ ಚಾಪೆಯ ಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿದ.

"ನೆಲ ತಣ್ಣಗಿದೆ... ಇಲ್ಲಿ ಬಾ."