ಹುಡುಕಿದರೆ ಸಿಗದ ಕಾರ್ಖಾನೆ

ಜೂನ್ 23, ಸೋಮವಾರ, ಬೆಳಗ್ಗೆ 10:15. ಕೃತಕ ಕಾಲು ತಯಾರಿಸುವ ಕಾರ್ಖಾನೆಯ ಒಡತಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದರು. ತಮ್ಮ ವೆಬ್‌ಸೈಟನ್ನು ಯಾರೋ ಬೇಕೆಂದೇ ಮರೆಮಾಡಿದ್ದಾರೆ ಎಂದಿತ್ತು ದೂರಿನಲ್ಲಿ.

"ಸೈಟ್ ತೆರೆಯುತ್ತಾ?"

"ವಿಳಾಸ ಗೊತ್ತಿದ್ದವರಿಗೆ ತೆರೆಯುತ್ತೆ ಸಾರ್. ಹುಡುಕಿದ್ರೆ ಸಿಗಲ್ಲ. ಕಾಲು ಕಳಕೊಂಡವರಿಗೆ ನಮ್ಮ ವಿಳಾಸ ಹೇಗೆ ಗೊತ್ತಿರುತ್ತೆ? ಆಸ್ಪತ್ರೆ ಹಾಸಿಗೆ ಮೇಲೆ ಮಲಗಿ ಫೋನಲ್ಲೇ ಹುಡುಕ್ತಾರೆ. ಹತ್ತು ದಿನದಿಂದ ಒಬ್ಬರೂ ಬಂದಿಲ್ಲ."

"ಅನುಮಾನ ಯಾರ ಮೇಲೆ?"

"ಸೈಟ್ ಡಾಕ್ಟರ್ ಮೇಲೆ."

ವೆಬ್‌ಸೈಟ್‌ಗಳ ತಪಾಸಣೆ ಮಾಡುವ ಹೆಂಗಸನ್ನು ಎಲ್ಲರೂ ಹಾಗೆ ಕರೆಯುತ್ತಿದ್ದರು. ಏಪ್ರಿಲ್‌ನಲ್ಲಿ ಕಾರ್ಖಾನೆಯ ಸೈಟನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ ಸರಿಪಡಿಸಿದ್ದು ಆಕೆಯೇ. ಈಗಿನ ಬದಲಾವಣೆ ಆಗಿದ್ದೂ ಆಕೆಯ ಖಾತೆಯಿಂದ. ಮತ್ತೆ ತನ್ನನ್ನೇ ಕರೆಸಲಿ ಅಂತ ಕೆಡಿಸಿದ್ದಾಳೆ ಎಂಬುದು ಒಡತಿಯ ವಾದ.

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಮಹಿಳಾ ಕಾನ್‌ಸ್ಟೇಬಲ್ ತಲೆಯೆತ್ತಿದರು. "ಕಳವಾಗಿಲ್ಲ, ಒಡೆದಿಲ್ಲ, ಇದ್ದ ಜಾಗದಲ್ಲೇ ಇದೆ. ಏನಂತ ಬರೀಲಿ ಸಾರ್?"

"ಇರೋದನ್ನ ಇದೆ ಅಂತಲೇ ಬರಿ. ಯಾರಿಗೂ ಕಾಣ್ತಿಲ್ಲ ಅಂತಲೂ ಬರಿ."

11:40ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 2:30ಕ್ಕೆ ಇಬ್ಬರೂ ಸೈಟ್ ಡಾಕ್ಟರ್ ಮನೆಗೆ ಹೋದರು. ಮಹಡಿಯ ಮೇಲೊಂದು ಕೋಣೆ, ಎರಡು ಪರದೆ, ಗೋಡೆಗೆ ಅಂಟಿಸಿದ ಹಳದಿ ಚೀಟಿಗಳು. ಆಕೆ ಕೂರಲಿಲ್ಲ.

"ಅವರ ಸೈಟಿನ ಒಂದು ಪುಟ ತೆರೆಯೋಕೆ ಒಂಬತ್ತು ಸೆಕೆಂಡ್ ಬೇಕಿತ್ತು. ನಲವತ್ತೇಳು ಲಿಂಕ್ ಮುರಿದಿದ್ದವು. ಮೊಬೈಲಲ್ಲಿ ಅಕ್ಷರ ಓದೋಕಾಗ್ತಿರಲಿಲ್ಲ. ಎಲ್ಲಾ ಸರಿ ಮಾಡಿದೆ. ಹುಡುಕಿದ್ರೆ ನಾಲ್ಕನೇ ಪುಟದಲ್ಲಿ ಬರ್ತಿದ್ದ ಕಾರ್ಖಾನೆ ಮೊದಲ ಪುಟಕ್ಕೆ ಬಂತು."

"ಈಗ ಏನಾಗಿದೆ?"

"ಸೆಟ್ಟಿಂಗ್ಸ್‌ನಲ್ಲಿ ಒಂದು ಪುಟ್ಟ ಚೌಕ ಇದೆ. ಅದಕ್ಕೆ ಟಿಕ್ ಹಾಕಿದ್ರೆ ಸರ್ಚ್ ಇಂಜಿನ್‌ಗೆ 'ಇತ್ತ ನೋಡಬೇಡ' ಅಂದ ಹಾಗೆ. ಕೆಲವೇ ದಿನದಲ್ಲಿ ಪಟ್ಟಿಯಿಂದ ಮಾಯ. ಜೂನ್ 3, ಮಧ್ಯಾಹ್ನ 1:22ಕ್ಕೆ ಯಾರೋ ಟಿಕ್ ಹಾಕಿದ್ದಾರೆ. ಹದಿನಾಲ್ಕಕ್ಕೆ ಒಡತಿ ಹೇಳಿದ ಮೇಲೆ ನಾನು ತೆಗೆದೆ. ಹದಿನಾರಕ್ಕೆ, 1:19ಕ್ಕೆ, ಮತ್ತೆ ಬಿದ್ದಿದೆ."

"ನಿಮ್ಮ ಖಾತೆಯಿಂದ."

"ಹೌದು. ಹದಿನಾರಕ್ಕೆ ಆ ಹೊತ್ತಲ್ಲಿ ನಾನು ಹಲ್ಲಿನ ಡಾಕ್ಟರ್ ಮುಂದೆ ಬಾಯಿ ತೆರ್ಕೊಂಡು ಕೂತಿದ್ದೆ. ವಿಚಾರಿಸಿ." ಆಕೆಯ ದನಿ ಗಡುಸಾಯಿತು. "ಇಪ್ಪತ್ತು ಜನ ನನ್ನನ್ನ ನಂಬಿ ಬೀಗದ ಕೈ ಕೊಟ್ಟಿದ್ದಾರೆ ಸಾರ್. ಈ ಮಾತು ಹಬ್ಬಿದ್ರೆ ನಾನು ಅಂಗಡಿ ಮುಚ್ಚಬೇಕಷ್ಟೆ. ಇದನ್ನ ಮಾಡಿದವರನ್ನ ಹಿಡೀರಿ."

ಹಲ್ಲಿನ ವೈದ್ಯರ ರಿಜಿಸ್ಟರ್‌ನಲ್ಲಿ ಆಕೆ ಬಂದ ವೇಳೆ 1:00, ಹೊರಟ ವೇಳೆ 1:50. ಜೂನ್ 25ರಂದು ಇಂಟರ್‌ನೆಟ್ ಕಂಪನಿಯ ಉತ್ತರ ಬಂತು. ಎರಡೂ ಸಲ ಟಿಕ್ ಬಿದ್ದದ್ದು ಕಾರ್ಖಾನೆಯ ಸ್ವಂತ ಸಂಪರ್ಕದಿಂದ.

"ಒಳಗಿನವರೇ ಸಾರ್," ಎಂದರು ಕಾನ್‌ಸ್ಟೇಬಲ್.

ಮರುದಿನ ಕಾರ್ಖಾನೆಯ ಕಚೇರಿ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಒಂದು ಕಂಪ್ಯೂಟರ್, ಕಬ್ಬಿಣದ ಬೀರು, ಕಪಾಟಿನಲ್ಲಿ ತಪಾಸಣಾ ವರದಿಯ ಮೂವತ್ತೊಂದು ಹಾಳೆ. ಕಾನ್‌ಸ್ಟೇಬಲ್ ಒಂದೊಂದೇ ತಿರುವಿದರು. ಹದಿನೇಳನೇ ಹಾಳೆಯಲ್ಲಿ ದಪ್ಪ ಅಕ್ಷರದ ಎಚ್ಚರಿಕೆ: "ಈ ಚೌಕದಲ್ಲಿ ಟಿಕ್ ಬಿದ್ದರೆ ನಿಮ್ಮ ಸೈಟ್ ಹುಡುಕಾಟದಲ್ಲಿ ಕಾಣದು. ಎಂದಿಗೂ ಮುಟ್ಟಬೇಡಿ." ಚೌಕ ಎಲ್ಲಿದೆ ಎಂಬುದರ ಚಿತ್ರವೂ ಇತ್ತು. ಆ ಹಾಳೆಯ ಅಂಚಿನಲ್ಲಿ ಹೆಬ್ಬೆರಳಿನ ಬಿಳಿ ಗುರುತು. ಕೊನೆಯ ಹಾಳೆಯ ಹಿಂದೆ ಒಡತಿಯೇ ಸೈಟ್ ಡಾಕ್ಟರ್ ಖಾತೆಯ ಪಾಸ್‌ವರ್ಡ್ ಬರೆದಿಟ್ಟಿದ್ದರು.

"ಮನೆಗೆ ಬೀಗ ಹಾಕಿ ಕೀಲಿ ಬಾಗಿಲಿಗೇ ನೇತು ಹಾಕಿದ ಹಾಗಾಯ್ತಲ್ಲಮ್ಮಾ," ಎಂದರು ಇನ್‌ಸ್ಪೆಕ್ಟರ್. "ಈ ಬಿಳಿ ಏನು?"

ಒಡತಿ ಮುಟ್ಟಿ ನೋಡಿದರು. "ಪ್ಲಾಸ್ಟರ್. ಕಾಲಿನ ಅಚ್ಚು ತೆಗೆಯೋಕೆ ಬಳಸ್ತೀವಿ."

"ಅಚ್ಚು ತೆಗೆಯೋರು ಯಾರು?"

"ಅಳತೆ ಮಾಮ ಒಬ್ಬರೇ. ಆದ್ರೆ ಸಾರ್, ಅವರು ಅಪ್ಪನ ಜೊತೆ ಈ ಕಾರ್ಖಾನೆ ಕಟ್ಟಿದವರು. ನನ್ನನ್ನ ಎತ್ತಿ ಆಡಿಸಿದವರು. ಸುಮ್ಮನೆ ಏನೇನೋ ಅಂದ್ಕೋಬೇಡಿ."

"ನಾನೇನೂ ಅಂದ್ಕೊಂಡಿಲ್ಲ. ಯಾರಿಗೂ ಏನೂ ಹೇಳಬೇಡಿ."

ಜೂನ್ 27ರಂದು ಆಸ್ಪತ್ರೆಯಲ್ಲಿ ದರ್ಜಿ ಹೆಂಗಸೊಬ್ಬರ ಹೇಳಿಕೆ ಪಡೆಯಲಾಯಿತು. ಆಕೆಗೆ ಮೊಣಕಾಲಿನ ಕೆಳಗೆ ಎಡಗಾಲಿಲ್ಲ. ಈ ಕಾರ್ಖಾನೆಯ ಬಗ್ಗೆ ಯಾರೋ ಹೇಳಿದ್ದರಂತೆ. ಜೂನ್ 12ರಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಪಟ್ಟಿಯಲ್ಲಿ ಮೊದಲು ಕಂಡವರಿಂದ, ಅಳತೆಯನ್ನು ಫೋನಿನಲ್ಲೇ ಹೇಳಿ, ಕಾಲು ತರಿಸಿಕೊಂಡರು. ವಾರದೊಳಗೆ ಚರ್ಮ ಕಿತ್ತು ಹುಣ್ಣಾಗಿ ಮತ್ತೆ ಆಸ್ಪತ್ರೆ ಸೇರಿದ್ದರು.

ಅದೇ ದಿನ ಇನ್‌ಸ್ಪೆಕ್ಟರ್ ಹೇಳಿದಂತೆ ಸೈಟ್ ಡಾಕ್ಟರ್ ಟಿಕ್ ತೆಗೆದರು. ಸೈಟ್ ಸರಿಯಾಯಿತು ಎಂದು ಒಡತಿ ಎಲ್ಲ ಕೆಲಸಗಾರರಿಗೂ ಹೇಳಿದರು. ಇನ್‌ಸ್ಪೆಕ್ಟರ್ ಮತ್ತು ಕಾನ್‌ಸ್ಟೇಬಲ್ ಮಫ್ತಿಯಲ್ಲಿ ಪಕ್ಕದ ಉಗ್ರಾಣದೊಳಗೆ ಕಾದರು. ಅಲ್ಲಿಂದ ಕಚೇರಿಗೆ ಒಂದು ಗಾಜಿನ ಕಿಟಕಿ. ಶುಕ್ರವಾರ ಯಾರೂ ಬರಲಿಲ್ಲ. ಶನಿವಾರವೂ ಇಲ್ಲ.

"ಇಷ್ಟೊಂದು ಕಾಲುಗಳ ನಡುವೆ ನಿಂತು ನಿಂತು ನಮ್ಮ ಕಾಲೇ ಹೋಯ್ತು ಸಾರ್."

"ನಿಲ್ಲಮ್ಮಾ. ಬರ್ತಾರೆ."

ಜೂನ್ 30, ಸೋಮವಾರ. ಒಂದು ಗಂಟೆಗೆ ಎಲ್ಲರೂ ಹಿತ್ತಲಿಗೆ ಊಟಕ್ಕೆ ಹೋದರು. 1:17ಕ್ಕೆ ಅಳತೆ ಮಾಮ ಒಳಗೆ ಬಂದರು. ಅರವತ್ತು ದಾಟಿದ ಸಣಕಲು ಮೈ, ಏಪ್ರನ್ನಿನ ತುಂಬ ಬಿಳಿ ಪುಡಿ. ವರದಿ ತೆಗೆದು ಪಕ್ಕದಲ್ಲಿಟ್ಟುಕೊಂಡರು. ಪರದೆಯ ಮೇಲೆ ಬಾಣದ ಗುರುತು ಚೌಕವನ್ನು ಮೂರು ಸಲ ತಪ್ಪಿತು. ನಾಲ್ಕನೇ ಸಲ ಅವರು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಒತ್ತಿದರು. ಟಿಕ್ ಬಿತ್ತು.

"ಅಲ್ಲೇ ಇರಿ ಮಾಮ," ಎಂದು ಕಾನ್‌ಸ್ಟೇಬಲ್ ಬಾಗಿಲಲ್ಲಿ ನಿಂತರು.

ಅವರು ಓಡಲಿಲ್ಲ. ಕುರ್ಚಿಯಿಂದ ಏಳಲೂ ಇಲ್ಲ. 1:25ಕ್ಕೆ ಬಂಧನವಾಯಿತು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ನೀರು ಕೊಟ್ಟು ಎದುರು ಕೂತರು.

"ಎಷ್ಟು ಸಲ ಮಾಡಿದ್ರಿ?"

"ಇವತ್ತಿಂದು ಸೇರಿ ಮೂರು."

"ಯಾರಾದ್ರೂ ಹೇಳಿಕೊಟ್ರಾ?"

"ಇಲ್ಲ. ಮುಟ್ಟಬೇಡಿ ಅಂತ ಬರೆದಿತ್ತಲ್ಲ, ಅದನ್ನೇ ಓದಿಕೊಂಡೆ."

"ಯಾಕೆ?"

ಮಾಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರು. ಅವು ನಿಲ್ಲದೆ ನಡುಗುತ್ತಿದ್ದವು.

"ವರ್ಷದಿಂದ ಹೀಗೆ. ಮಾರ್ಚ್‌ನಲ್ಲಿ ಒಬ್ಬ ಮೇಷ್ಟ್ರಿಗೆ ತೆಗೆದ ಅಚ್ಚು ಅರ್ಧ ಬೆರಳು ತಪ್ಪಿತು. ಶಾಲೆ ಮೆಟ್ಟಿಲ ಮೇಲೆ ಬಿದ್ದು ಭುಜ ಮುರ್ಕೊಂಡರು. ಯಾರಿಗೂ ಗೊತ್ತಾಗದ ಹಾಗೆ ಹೊಸದು ಮಾಡಿಕೊಟ್ಟೆ. ವಾರಕ್ಕೆ ಮೂರು ಜನ ಬಂದ್ರೆ ನಿಧಾನಕ್ಕೆ, ಎರಡೆರಡು ಸಲ ಅಳೆದು ಮಾಡ್ತಿದ್ದೆ. ಆ ತಪಾಸಣೆ ಆದ ಮೇಲೆ ದಿನಕ್ಕೆ ಮೂರು ಜನ. ಇನ್ನೂ ಯಾರಾದ್ರೂ ಬೀಳ್ತಾರೆ ಅಂತ ನಿದ್ದೆ ಬರ್ತಿರಲಿಲ್ಲ ಸಾರ್."

ಇನ್‌ಸ್ಪೆಕ್ಟರ್ ದರ್ಜಿಗೆ ಆದದ್ದನ್ನೆಲ್ಲ ಹೇಳಿದರು. ಮಾಮ ಕೊನೆಯವರೆಗೂ ಕೇಳಿದರು. ನಂತರ ಯಾವ ಕಡೆಯ ಕಾಲು ಎಂದು ಕೇಳಿದರು. ಎಡಗಾಲು ಎಂದಾಗ ಮುಖ ಮುಚ್ಚಿಕೊಂಡರು.

ಸಂಜೆ 4:40ಕ್ಕೆ ಒಡತಿ ತಂದೆಯನ್ನು ಕರೆದುಕೊಂಡು ಬಂದರು. ಹೊರಗಿನ ಬೆಂಚಿನ ಮೇಲೆ ಸೈಟ್ ಡಾಕ್ಟರ್ ಹೇಳಿಕೆಗೆ ಸಹಿ ಹಾಕಲು ಕಾದಿದ್ದರು. ಒಡತಿ ಅವರ ಎದುರು ನಿಂತು, "ಅಕ್ಕಾ, ತಪ್ಪಾಯ್ತು," ಎಂದರು. ಆಕೆ ಜರುಗಿ ಪಕ್ಕದಲ್ಲಿ ಜಾಗ ಕೊಟ್ಟರು.

ಕಾರ್ಖಾನೆಯ ಮುದುಕ ಯಜಮಾನರು ಒಳಗೆ ಬಂದು ಗೆಳೆಯನ ಮುಂದೆ ನಿಂತರು. "ಮೂವತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡಿದ್ದೀವಲ್ಲೋ. ಒಂದು ಮಾತು ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ಏನು ಮಾಡ್ತಿದ್ದೆ?"

"ಇನ್ನೇನು ಮಾಡ್ತಿದ್ದೆ? ಕೆಲಸ ಬಿಡು, ಆರಾಮಾಗಿ ಕೂತ್ಕೋ, ನಾನು ನೋಡ್ಕೋತೀನಿ ಅಂತಿದ್ದೆ."

"ಅದಕ್ಕೇ ಹೇಳಲಿಲ್ಲ," ಎಂದರು ಅಳತೆ ಮಾಮ.

ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿ ಇನ್‌ಸ್ಪೆಕ್ಟರ್ ಮುಖ ನೋಡಿದರು.

"ಅದನ್ನೂ ಬರಿ," ಎಂದರು ಇನ್‌ಸ್ಪೆಕ್ಟರ್. "ನ್ಯಾಯಾಧೀಶರು ಓದಲಿ."