ಕಾಡಿನೊಳಗೆ ನೈಂಟಿ ಆಯಿಲ್

"ಮಧ್ಯಾಹ್ನ ಹನ್ನೆರಡರೊಳಗೆ ತನ್ನಿ, ಕಾಲು ಉಳಿಸೋಕೆ ನೋಡ್ತೀವಿ. ಆಮೇಲೆ ಮಾತು ಕೊಡಲ್ಲ."

ನಂಜನಗೂಡಿನ ಡಾಕ್ಟರು ಫೋನಿನಲ್ಲಿ ಹೀಗೆಂದಾಗ ಬೆಳಗ್ಗೆ ಏಳೂವರೆ. ಹೆಡಿಯಾಲದ ಆಚೆ ಕಾಡಿನಲ್ಲಿ ಕಾವಲುಗಾರ ಮಹದೇವನ ಕಾಲಿನ ಮೇಲೆ ಮತ್ತಿಮರ ಉರುಳಿತ್ತು. ಆಂಬುಲೆನ್ಸು ಊರಂಚಿಗೇ ನಿಲ್ಲುತ್ತದೆ. ಮುಂದಿನ ಹನ್ನೆರಡು ಕಿಲೋಮೀಟರಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಅಂಥದ್ದು ಆವತ್ತು ಸಿಕ್ಕಿದ್ದು ಒಂದೇ: ಟಿ. ನರಸೀಪುರದಿಂದ ಸಸಿ ಹೇರಿಕೊಂಡು ಬಂದಿದ್ದ ಪವಿತ್ರಾಳ ಟ್ರಕ್ಕು.

ಪವಿತ್ರಾ ಸ್ಟೇರಿಂಗ್ ಹಿಡಿದಳು. ದಾರಿ ತೋರಿಸಲು ಮಹದೇವನ ಜೊತೆಗಾರ ಬಸವಪ್ರಸಾದ್ ಹತ್ತಿದ. ಮೆಕ್ಯಾನಿಕ್ ನಂಜುಂಡೇಶ್ ಕರೆಯದೆಯೇ ಹತ್ತಿ ಕೂತ. ಹೋದ ವಾರ ಆ ಗಾಡಿಯನ್ನು ಸರ್ವೀಸ್ ಮಾಡಿದ್ದವನು ಅವನೇ. ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ತೆಳು ಕೆಂಪು ಆಯಿಲ್ ಹಾಕಬೇಕೆಂದು ಪವಿತ್ರಾ ಪುಸ್ತಕ ತೋರಿಸಿದ್ದಳು.

"ಪುಸ್ತಕ ಗಾಡಿ ಓಡ್ಸಲ್ಲ ಕಣವ್ವಾ. ಇಪ್ಪತ್ತೈದು ವರ್ಷದಿಂದ ಎಲ್ಲಾದಕ್ಕೂ ದಪ್ಪ ನೈಂಟಿ ಗೇರ್ ಆಯಿಲ್ಲೇ ಹಾಕಿರೋದು," ಎಂದು ನಕ್ಕು ತನ್ನದೇ ಸುರಿದಿದ್ದ.

ಕಾಡು ಮಳೆ ಕುಡಿದು ಉಬ್ಬಿತ್ತು. ಬಿದಿರುಮೆಳೆಗಳು ಎರಡೂ ಕಡೆಯಿಂದ ದಾರಿಗೆ ಬಾಗಿದ್ದವು, ಆನೆಗಳು ತುಳಿದ ಗುಂಡಿಗಳಲ್ಲಿ ಕೆಂಪು ನೀರು ನಿಂತಿತ್ತು. ಎರಡು ಹಳ್ಳಗಳೂ ತುಂಬಿ ಹರಿಯುತ್ತಿದ್ದವು. ಟ್ರಕ್ಕು ಗುರುಗುಟ್ಟುತ್ತ ಎರಡನ್ನೂ ದಾಟಿತು. ಒಂಬತ್ತೂಮುಕ್ಕಾಲಕ್ಕೆ ಮಹದೇವನನ್ನು ಹಿಂದುಗಡೆ ಚಾಪೆಯ ಮೇಲೆ ಮಲಗಿಸಿಯೂ ಆಯಿತು. ನಂಜುಂಡೇಶನ ಎದೆ ಉಬ್ಬಿತು.

ವಾಪಸು ಬರುವಾಗ ಎರಡನೇ ಹಳ್ಳದ ದಡ ಹತ್ತುತ್ತಿದ್ದಂತೆ ಸುಟ್ಟ ವಾಸನೆ ಬಂತು.

ಮುಂದಿನ ಚಕ್ರಗಳು ಎಳೆಯುವುದನ್ನು ಬಿಟ್ಟವು. ಟ್ರಕ್ಕು ಹಿಂದಕ್ಕೆ ಜಾರಿತು. ಬಸವಪ್ರಸಾದ್ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟ.

ನಂಜುಂಡೇಶ್ ಕೆಳಗೆ ತೂರಿದ. ಕಾದ ನೈಂಟಿ ಆಯಿಲ್ ನೊರೆಯುಕ್ಕಿ ಗಾಳಿಕೊಳವೆಯಿಂದ ಸುರಿಯುತ್ತಿತ್ತು. ದಪ್ಪ ಆಯಿಲ್ ಒಳಗೆ ಸರಿಯಾಗಿ ಹರಿಯದೆ ಟ್ರಾನ್ಸ್‌ಫರ್ ಕೇಸು ಕಾದು ಕೈಕೊಟ್ಟಿತ್ತು ಎಂದು ಅವನಿಗೆ ಅರ್ಥವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಕೆಂಪು ಆಯಿಲ್ ಸೀಟಿನ ಹಿಂದೆ ಅದೆ. ನಾನೇ ತಂದಿಟ್ಕೊಂಡಿದ್ದೆ," ಎಂದಳು ಪವಿತ್ರಾ. ಡಬ್ಬಿಯನ್ನು ತಂದು ಅವನ ಪಕ್ಕದಲ್ಲಿಟ್ಟಳು. ಬೈದಿದ್ದರೇ ವಾಸಿಯಿತ್ತು.

ಮೊದಲು ತುಂಬಿಸುವ ಮೇಲಿನ ಬೋಲ್ಟು, ಆಮೇಲೆ ಖಾಲಿ ಮಾಡುವ ಕೆಳಗಿನದು. ಮೇಲಿನದು ಬಿಚ್ಚದೆ ಕೆಳಗಿನದನ್ನು ಬಿಚ್ಚಿದರೆ ಇದ್ದ ಆಯಿಲೂ ಹೋಗಿ, ಹೊಸದು ತುಂಬಲೂ ಆಗದೆ ಕಾಡಿನಲ್ಲೇ ಗತಿ. ಆದರೆ ಮೇಲಿನದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹೋದ ವಾರ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೈಬಲವೆಲ್ಲ ಬಿಟ್ಟು ಬಿಗಿದಿದ್ದವನೂ ಅವನೇ. ಸ್ಪ್ಯಾನರ್ ಜಾರಿತು, ಬೋಲ್ಟಿನ ತಲೆ ಸವೆಯಿತು.

"ಉಳಿ ಕೊಡು! ಸುತ್ತಿಗೆ!"

ಒಂದೊಂದೇ ಏಟು. ಬೆರಳು ಜಜ್ಜಿತು. ಬಿಸಿ ಆಯಿಲ್ ಮೊಣಕೈಗೆ ಇಳಿಯಿತು.

ಮೇಲಿನಿಂದ ಮಹದೇವನ ದನಿ ಕೇಳಿತು. "ಸಾ... ಕಾಲು ತಣ್ಣಗಾಯ್ತಾ ಅದೆ ಸಾ."

"ಆಯ್ತು ಕಣಪ್ಪಾ, ಇನ್ನೇನ್ ಆಯ್ತು!" ಎಂದ ನಂಜುಂಡೇಶ್. ಏನೂ ಆಗಿರಲಿಲ್ಲ. ಬೋಲ್ಟು ಕದಲುವ ಹೊತ್ತಿಗೆ ಹನ್ನೊಂದೂಮುಕ್ಕಾಲು. ಸುಟ್ಟದ್ದನ್ನು ಸುರಿಸಿ, ಕೊಳವೆಯಲ್ಲಿ ಕೆಂಪು ಆಯಿಲನ್ನು ಮೇಲಿನ ತೂತಿನಿಂದ ಹೊರಚೆಲ್ಲುವವರೆಗೆ ತುಂಬಿಸಿದಾಗ ಹನ್ನೆರಡೂಕಾಲು. ಈ ಸಲ ಬೋಲ್ಟನ್ನು ಹದವಾಗಿ ಬಿಗಿದ. ಟ್ರಕ್ಕು ಒಂದೇ ಉಸಿರಿಗೆ ದಡ ಹತ್ತಿತು.

ಊರಂಚಿನಲ್ಲಿ ಕಾದಿದ್ದ ಆಂಬುಲೆನ್ಸಿಗೆ ಹತ್ತಿಸಿ ಆಸ್ಪತ್ರೆ ಮುಟ್ಟಿದಾಗ ಎರಡು ಗಂಟೆ. ಜೀವ ಉಳಿಯಿತು. ಮಂಡಿಯಿಂದ ಕೆಳಗೆ ಕಾಲು ಹೋಯಿತು.

ಮೂರನೇ ದಿನ ಮಹದೇವನ ಊರಿನವರು ವಾರ್ಡಿಗೇ ಬಂದು ನಂಜುಂಡೇಶನಿಗೆ ಶಾಲು ಹೊದಿಸಿದರು. ಕಾಡಿನ ಮಧ್ಯೆ ಗಾಡಿ ರಿಪೇರಿ ಮಾಡಿದ ಶೂರನಂತೆ! ಅವನಿಗೆ ಶಾಲು ಮೈ ಸುಟ್ಟಂತಾಯಿತು. ಅವರು ಹೋದ ಮೇಲೆ ಮಹದೇವ ಮಲಗಿದಲ್ಲಿಂದಲೇ ಕೈಮುಗಿದ.

"ನೀವಿಲ್ದಿದ್ರೆ ಓಗೇಬುಡ್ತಿದ್ದೆ ಸಾ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಂಜುಂಡೇಶನಿಗೆ ಆಗಲಿಲ್ಲ. "ಮಾದೇವಾ, ಗಾಡಿ ಕೆಟ್ಟಿದ್ದು ನನ್ನಿಂದ. ಪವಿತ್ರಮ್ಮ ಬ್ಯಾಡ ಅಂದ್ರೂ ತಪ್ಪು ಆಯಿಲ್ ಹಾಕ್ದೆ. ಅದಿಲ್ದಿದ್ರೆ ಹನ್ನೆರಡರೊಳಗೆ ಬಂದುಬಿಡ್ತಿದ್ವಿ."

ಮಹದೇವನ ಮುಗಿದ ಕೈ ಕೆಳಗಿಳಿಯಿತು. ಅವನು ಹೊದಿಕೆಯಡಿ ಖಾಲಿಯಿದ್ದ ಜಾಗವನ್ನು ನೋಡಿದ. ಆಮೇಲೆ ವಾರ್ಡಿನವರೆಲ್ಲ ತಿರುಗುವಂತೆ ಕಿರುಚಿದ.

"ಎದ್ದೋಗ್ಲಾ ಆಚೆಗೆ! ಮೊಕ ತೋರಿಸ್ಬ್ಯಾಡ ನಂಗೆ!"

ನಂಜುಂಡೇಶ್ ಶಾಲನ್ನು ಮಡಿಸಿ ಮಂಚದ ಕಾಲ ಬಳಿ ಇಟ್ಟು ಹೊರಗೆ ಬಂದ. ಪವಿತ್ರಾ ಆಗಷ್ಟೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬರುತ್ತಿದ್ದಳು.

"ಏನಂದ ಅಣ್ಣಾ?"

"ಬಯ್ದ ಕಣವ್ವಾ. ಗಂಟಲು ತುಂಬ ಬಯ್ದ," ಎಂದು ನಂಜುಂಡೇಶ್ ಕಣ್ಣೊರೆಸಿಕೊಂಡ. "ಬಯ್ಯೋಕೆ ಅಷ್ಟು ಕಸುವು ಅದೆ ಅಂದ್ಮೇಲೆ ಉಳ್ಕತಾನೆ."